ಡೋರ್ನಕಲ್ ಬಿಷಪ್ ಅಜರಯ್ಯ: ಲೇಖನದ ಕರಡು ಇದೆ, ತಪ್ಪು ಹುಡುಕಿ ಕೊಡಿ

ಮಸಿಕುಡಿಕೆ:
ವಿ. ಎಸ್. ಅಜರಯ್ಯನವರ ಬಗ್ಗೆ ಕನ್ನಡದಲ್ಲೊಂದು ವಿಶ್ವಕೋಶ ಲೇಖನ ತಯಾರಾಗುತ್ತಿದೆ. ಮೊದಲ ಪ್ಯಾರಾ ಸದ್ಯಕ್ಕೆ ಹೀಗಿದೆ:

"ವೇದನಾಯಗಂ ಸಾಮ್ಯುವೆಲ್ ಅಜರಯ್ಯ (17 ಆಗಸ್ಟ್ 1874 – 1 ಜನವರಿ 1945) ಭಾರತದ ಮೊದಲ ಬಿಷಪ್. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪದವೀಧರ. 1912ರಲ್ಲಿ ಬ್ರಿಟಿಷ್ ಸರಕಾರ ಇವರನ್ನು ಆಂಧ್ರದ ಡೋರ್ನಕಲ್ ಧರ್ಮಪ್ರಾಂತ್ಯಕ್ಕೆ ಬಿಷಪ್ ಆಗಿ ನೇಮಿಸಿತು. ಕಲ್ಕತ್ತದಲ್ಲಿ ಅಭಿಷೇಕ ನಡೆಯಿತು. ದಕ್ಷಿಣ ಭಾರತ ಸಭೆಯ ಸ್ಥಾಪಕ ಬಿಷಪ್ಪರಲ್ಲಿ ಇವರೂ ಒಬ್ಬರು."

ಓದಿ, ತಿದ್ದಿ. ಹುಟ್ಟಿದ ಊರು ತಿರುನೆಲ್ವೇಲಿ ಕಡೆಯ ವೆಳ್ಳಾಳನ್‌ವಿಳೈ, ತಂದೆ ಹಳ್ಳಿಯ ಆಂಗ್ಲಿಕನ್ (ಇಂಗ್ಲೆಂಡ್ ಚರ್ಚಿನ ಪರಂಪರೆಯ) ಸಭಾಪಾಲಕ ತೋಮಸ್ ವೇದನಾಯಗಂ. ಅದನ್ನೆಲ್ಲ ಎರಡನೇ ಪ್ಯಾರಾದಲ್ಲಿ ಹಾಕುತ್ತೇನೆ.

ಹಳೇ_ದಫ್ತರ:
ಐದು ವಾಕ್ಯಕ್ಕೆ ಕಡಿಮೆಯೆಂದರೂ ಆರು ತಪ್ಪು. ಹುಟ್ಟಿದ ದಿನ, ತೀರಿಕೊಂಡ ದಿನ ಮಾತ್ರ ಸರಿ.

ಮೊದಲು ಸುಲಭದ್ದು ನೋಡೋಣ. ಅವರು ಪದವೀಧರರಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿದ್ದು ನಿಜ, ಆದರೆ ಕೊನೇ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದರು, ಆಮೇಲೆ ಮತ್ತೆ ಕೂರಲಿಲ್ಲ. 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದನ್ನು ನೋಡಿದವರು ಬಿ.ಎ. ಇದ್ದೇ ಇರಬೇಕು ಎಂದು ಊಹಿಸಿ ಬರೆದುಬಿಡುತ್ತಾರೆ.

ಎರಡನೆಯದು, ದಕ್ಷಿಣ ಭಾರತ ಸಭೆ, ಅಂದರೆ ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ಆದ ಸಿ.ಎಸ್.ಐ., ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ. ಅಜರಯ್ಯ ಹೋಗಿ ಅಷ್ಟರಲ್ಲಿ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಸ್ಥಾಪಕ ಬಿಷಪ್ ಆಗೋದು ಹೇಗೆ? ಬೀಜ ಹಾಕಿದವರು ಎನ್ನಿ, ಅದು ನಿಜ.

ಉಳಿದವಕ್ಕೆ ಇಲ್ಲಿ ಬೇರೆಯವರಿದ್ದಾರೆ.

ಕೊಡಿಯಾಲ:
"ಭಾರತದ ಮೊದಲ ಬಿಷಪ್" ಅಂತ ಬರೆದರೆ ಕೇರಳದವರು ಸುಮ್ಮನಿರ್ತಾರಾ ಮಾರಾಯ್ರೆ? ಅಲ್ಲಿನ ಸಿರಿಯನ್ ಸಭೆಗಳಲ್ಲಿ ಮಲಯಾಳಿ ಮೆತ್ರಾನರು (ಬಿಷಪ್ಪರು) ಅಜರಯ್ಯನ ಅಜ್ಜನ ಕಾಲಕ್ಕಿಂತ ಮೊದಲೇ ಇದ್ದರು. ನಮ್ಮ ಕಥೋಲಿಕರ ಲೆಕ್ಕ ಬೇರೆಯೇ ಉಂಟು: ಗೋವೆಯ ಕಡೆಯ ಮಥೆವುಸ್ ದ ಕಾಸ್ತ್ರೊ 1637ರಲ್ಲಿ ರೋಮಿನಲ್ಲಿ ಬಿಷಪ್ ಆದರು. 1896ರಲ್ಲಿ ಸಿರೋ ಮಲಬಾರ್‌ಗೆ ಒಟ್ಟಿಗೆ ಮೂವರು ಮಲಯಾಳಿಗಳು. ತೂತ್ತುಕುಡಿಯ ತಿಬುರ್ತಿಯುಸ್ ರೋಶ್ 1923ರವರು, ಅವರನ್ನೂ ಒಬ್ಬೊಬ್ಬರು "ಮೊದಲ ಭಾರತೀಯ ಬಿಷಪ್" ಅಂತಲೇ ಬರೀತಾರೆ. ಅದು ಆಧುನಿಕ ಕಾಲದ ಲ್ಯಾಟಿನ್ ವಿಧಿಯ ಮಟ್ಟಿಗೆ.

"ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್" ಅಂತ ಬರೆಯಿರಿ. "ಆಂಗ್ಲಿಕನ್" ಬಿಟ್ಟುಹೋದರೆ ಇಡೀ ವಾಕ್ಯ ಸುಳ್ಳು.

ಗಂಟೆಗೋಪುರ:
ಒಬ್ಬ ಬಿಷಪ್ಪರ ಆಡಳಿತದ ಸೀಮೆಗೆ "ಧರ್ಮಪ್ರಾಂತ್ಯ" ಎನ್ನುವುದು ಕಥೋಲಿಕರ ಬಳಕೆ. ಸಿ.ಎಸ್.ಐ.ನವರು ಕನ್ನಡದಲ್ಲಿ ಬರೆದುಕೊಳ್ಳುವುದು "ಸಭಾಪ್ರಾಂತ" ಎಂದು. ಲೇಖನದುದ್ದಕ್ಕೂ ಅದನ್ನೇ ಇಟ್ಟುಕೊಳ್ಳಿ.

"ಅಭಿಷೇಕ" ಪದಕ್ಕೂ ನನ್ನ ತಕರಾರಿದೆ. ಆಡುಮಾತಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಒಪ್ಪಿದೆ. ಆದರೆ 1912ರಲ್ಲಿ ಬಳಕೆಯಲ್ಲಿದ್ದ 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಕ್ರಮದಲ್ಲಿ ಅಭಿಷೇಕಕ್ಕೆ ಬೇಕಾದ ಎಣ್ಣೆಯೇ ಇಲ್ಲ. ಕ್ರಮ ಹೀಗಿರುತ್ತದೆ: ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ) ಆರಾಧನೆಯ ನಡುವೆ, ವಿಶ್ವಾಸಪ್ರಮಾಣ ಮತ್ತು ಪ್ರಸಂಗ ಮುಗಿದ ಮೇಲೆ, ಇಬ್ಬರು ಬಿಷಪ್ಪರು ಅಭ್ಯರ್ಥಿಯನ್ನು ಮುಖ್ಯ ಬಿಷಪ್ಪರ (ಮೆಟ್ರೊಪಾಲಿಟನ್) ಮುಂದೆ ತಂದು ನಿಲ್ಲಿಸುತ್ತಾರೆ. ಆಗ ಅವರ ಮೈಮೇಲೆ ಇರುವುದು ತೋಳುಳ್ಳ ಬಿಳಿ ನಿಲುವಂಗಿ ಮಾತ್ರ. ಮೆಟ್ರೊಪಾಲಿಟನ್‌ಗೆ ವಿಧೇಯನಾಗಿರುತ್ತೇನೆಂಬ ಪ್ರತಿಜ್ಞೆ, ಆಮೇಲೆ ಲಿಟನಿ ಎಂಬ ಸಾಲುಪ್ರಾರ್ಥನೆ, ಆಮೇಲೆ ಒಂದಾದ ಮೇಲೊಂದು ಪ್ರಶ್ನೆ. ಸುಳ್ಳು ಬೋಧನೆಯನ್ನು ಓಡಿಸುತ್ತೀಯಾ, ಬಡವರಿಗೂ ದಿಕ್ಕಿಲ್ಲದವರಿಗೂ ಕರುಣೆ ತೋರುತ್ತೀಯಾ ಎಂಬ ಥರದವು. ಉತ್ತರ ಮುಗಿದ ಮೇಲೆ ಬಿಷಪ್ಪರ ಮಿಕ್ಕ ಉಡುಪು ತೊಡಿಸುತ್ತಾರೆ, ಪವಿತ್ರಾತ್ಮನನ್ನು ಕರೆಯುವ ಹಳೆಯ ಲ್ಯಾಟಿನ್ ಗೀತೆಯ ಅನುವಾದ ಹಾಡುತ್ತಾರೆ. ಕೊನೆಗೆ ಬಂದ ಬಿಷಪ್ಪರೆಲ್ಲ ಸೇರಿ ಮೊಣಕಾಲೂರಿದವನ ತಲೆಯ ಮೇಲೆ ಕೈಯಿಡುತ್ತಾರೆ, ಕೈಗೆ ಬೈಬಲ್ ಕೊಡುತ್ತಾರೆ. ಕೈಯಿಡಲು ಮೂವರಾದರೂ ಬಿಷಪ್ಪರು ಬೇಕೆಂಬುದು ನಾಲ್ಕನೇ ಶತಮಾನದ ನೈಸೀಯ ಸಭೆಯ ಕಾಲದಿಂದ ಬಂದ ಕಟ್ಟಳೆ.

ಹಾಗಾಗಿ "ಬಿಷಪ್ ಪಟ್ಟ ಕೊಡಲಾಯಿತು" ಎನ್ನಿ, ಸಾಕು.

ತಾರೀಖು 1912ರ ಡಿಸೆಂಬರ್ 29, ಜಾಗ ಕಲ್ಕತ್ತದ ಸೇಂಟ್ ಪೌಲ್ಸ್ ಕ್ಯಾಥೆಡ್ರಲ್. ಪಟ್ಟ ಕೊಡುವುದು ಭಾನುವಾರ ಅಥವಾ ಸಭೆಯ ಹಬ್ಬದ ದಿನ ಮಾತ್ರ ಎಂದು ಅದೇ ಪುಸ್ತಕ ಹೇಳುತ್ತದೆ. ಆ ಡಿಸೆಂಬರ್ 29 ಭಾನುವಾರವೇ. ಹಳೆಯ ಆಂಗ್ಲಿಕನ್ ಬಿಷಪ್ಪರ ತಾರೀಖು ಪರೀಕ್ಷಿಸಲು ಇದು ಒಳ್ಳೆಯ ಉಪಾಯ. ಯಾರಾದರೂ ಹಬ್ಬವಿಲ್ಲದ ಮಂಗಳವಾರದ ತಾರೀಖು ಕೊಟ್ಟರೆ, ಬಹುತೇಕ ಅದು ನೇಮಕದ ಸುದ್ದಿ ಬಂದ ದಿನವೋ, ಊರಿಗೆ ಬಂದು ಪೀಠವೇರಿದ ದಿನವೋ ಆಗಿರುತ್ತದೆ.

ಮಸಿಕುಡಿಕೆ:
ವಾರ ನೋಡುವ ಉಪಾಯ ಚೆನ್ನಾಗಿದೆ ಸರ್. ಇನ್ನು ಸರಕಾರ ನೇಮಿಸಿದ್ದಲ್ಲವೇ? ಇಂಗ್ಲೆಂಡಿನಲ್ಲಿ ಬಿಷಪ್ಪರನ್ನು ರಾಜನೇ ನೇಮಿಸುತ್ತಾನಲ್ಲ?

ಹಳೇ_ದಫ್ತರ:
ಇಲ್ಲೇ ಇಡೀ ಕತೆಯ ಗಂಟಿರುವುದು, ಸ್ವಲ್ಪ ಉದ್ದವಾಗುತ್ತದೆ.

ಭಾರತದಲ್ಲಿ ಆಂಗ್ಲಿಕನ್ ಬಿಷಪ್ಪರು ಎರಡು ದಾರಿಯಿಂದ ಬಂದರು. ಒಂದು, ರಾಜನ ಸನ್ನದು. ಕಲ್ಕತ್ತ 1814, ಮದ್ರಾಸ್ 1835, ಬೊಂಬಾಯಿ 1837, ಇವೆಲ್ಲ ಸನ್ನದಿನ ಪೀಠಗಳು. ಅಲ್ಲಿ ಕೂತವರು ಸರಕಾರದ ಸಂಬಳದವರು. ಕಲ್ಕತ್ತದ ಮೊದಲ ಬಿಷಪ್ಪರಿಗೆ 1813ರ ಕಾಯ್ದೆಯಲ್ಲೇ ವರ್ಷಕ್ಕೆ 5000 ಪೌಂಡ್ ಎಂದು ಬರೆದಿಟ್ಟಿದ್ದರು, ಕೊಡುವುದು ಭಾರತದ ಕಂದಾಯದಿಂದ. ಬೆಂಗಳೂರಿನ ಶಾಲೆಯಿಂದ ನಮಗೆಲ್ಲ ಹೆಸರು ಗೊತ್ತಿರುವ ಬಿಷಪ್ ಕಾಟನ್ ಇಂಥ ಪೀಠದವರು. ಕಲ್ಕತ್ತದ ಬಿಷಪ್ಪರಾಗಿದ್ದಾಗಲೇ 1866ರಲ್ಲಿ ಕುಷ್ಟಿಯಾದ ಹತ್ತಿರ ಹೊಳೆಗೆ ಬಿದ್ದು ತೀರಿಕೊಂಡರು.

ಎರಡನೆಯ ದಾರಿ ಸನ್ನದಿಲ್ಲದ್ದು. ಮದ್ರಾಸ್ ಸಭಾಪ್ರಾಂತ ಅಳತೆ ಮೀರಿ ದೊಡ್ಡದಾಗಿತ್ತು, ಮೈಸೂರು ಸಂಸ್ಥಾನ, ಬೆಂಗಳೂರು ದಂಡು, ನಿಜಾಮನ ಸೀಮೆ ಎಲ್ಲ ಅದರೊಳಗೇ. ಒಬ್ಬ ಬಿಷಪ್ ಸುತ್ತಿ ಮುಗಿಸುವಂತಿರಲಿಲ್ಲ. ಸನ್ನದಿನ ಪೀಠವನ್ನು ಒಡೆಯಬೇಕಾದರೆ ಲಂಡನ್ನಿನವರೆಗೆ ಕಾಗದ ಓಡಾಡಬೇಕು. ಅದಕ್ಕೆ ಕಂಡುಕೊಂಡ ಉಪಾಯ: ಮೆಟ್ರೊಪಾಲಿಟನ್ ಪಟ್ಟ ಕೊಡುವುದು, ಮದ್ರಾಸಿನ ಬಿಷಪ್ ತಮ್ಮ ಅಧಿಕಾರದ ಒಂದು ತುಂಡನ್ನು ಇಂತಿಷ್ಟು ಸೀಮೆಗೆ ಎಂದು ಬರೆದು ಒಪ್ಪಿಸುವುದು. 1877ರಲ್ಲಿ ತಿರುನೆಲ್ವೇಲಿಗೆ ಕಾಲ್ಡ್‌ವೆಲ್ ಮತ್ತು ಸಾರ್ಜೆಂಟ್ ಸಹಾಯಕ ಬಿಷಪ್ಪರಾಗಿ ಬಂದದ್ದು ಈ ಬಗೆಯ ಏರ್ಪಾಟಿನಲ್ಲೇ. ದ್ರಾವಿಡ ಭಾಷೆಗಳ ವ್ಯಾಕರಣದ ಆ ಕಾಲ್ಡ್‌ವೆಲ್ಲರೇ ಇವರು.

ಅಜರಯ್ಯನವರದ್ದೂ ಇದೇ ದಾರಿ. ಒತ್ತಾಸೆಯಾಗಿ ನಿಂತವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಮಾರಿ, ಮಾರಮ್ಮ, ಗ್ರಾಮದೇವತೆಗಳ ಅಧ್ಯಯನದಿಂದ ನಮ್ಮ ಜಾನಪದದವರಿಗೆ ಗೊತ್ತಿರುವ ಹೆಸರು. ತತ್ವಜ್ಞಾನಿ ಎ. ಎನ್. ವೈಟ್‌ಹೆಡ್‌ರ ಅಣ್ಣ. 1912ರಲ್ಲಿ ಕಲ್ಕತ್ತದ ಮೆಟ್ರೊಪಾಲಿಟನ್ ಕಾಪಲ್‌ಸ್ಟನ್.

ಆದ್ದರಿಂದ "ಬ್ರಿಟಿಷ್ ಸರಕಾರ ನೇಮಿಸಿತು" ಎಂಬುದು ತಪ್ಪು ಮಾತ್ರವಲ್ಲ, ಇದ್ದದ್ದಕ್ಕೆ ತಲೆಕೆಳಗು. ಸನ್ನದೂ ಇಲ್ಲ, ಸರಕಾರಿ ಸಂಬಳವೂ ಇಲ್ಲ ಎಂಬುದರಿಂದಲೇ ಭಾರತೀಯನೊಬ್ಬನನ್ನು ಆ ಕುರ್ಚಿಯಲ್ಲಿ ಕೂರಿಸುವ ಕಿಂಡಿ ಸಿಕ್ಕಿತು.

ಕಾಜಿಪೇಟೆ_ಪ್ಯಾಸೆಂಜರ್:
"ಆಂಧ್ರದ ಡೋರ್ನಕಲ್" ಎಂಬುದನ್ನೂ ಹೊಡೆದುಹಾಕಿ. ಆಗ ಅದು ಹೈದರಾಬಾದ್ ನಿಜಾಮರ ಸೀಮೆ, ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆ. ಕಾಜಿಪೇಟೆ–ವಿಜಯವಾಡ ಮಾರ್ಗದ ಜಂಕ್ಷನ್, ಸಿಂಗರೇಣಿ ಕಲ್ಲಿದ್ದಲು ಸೀಮೆಯ ಕವಲು ಅಲ್ಲಿಂದ ಒಡೆಯುತ್ತದೆ. ಅಂಥ ಊರನ್ನೇ ಯಾಕೆ ಆರಿಸಿಕೊಂಡರು ಎಂದು ಕೇಳುವವರಿಗೆ ಅರ್ಧ ಉತ್ತರ ಅಲ್ಲಿದೆ. ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯೇ ಗತಿಯಾದರೂ ಮದ್ರಾಸು, ಬೆಜವಾಡಕ್ಕೆ (ಈಗಿನ ವಿಜಯವಾಡ) ರೈಲು ಇತ್ತು.

ಇನ್ನರ್ಧ ಉತ್ತರ ತಿರುನೆಲ್ವೇಲಿಯಲ್ಲಿ. 1903ರ ಫೆಬ್ರವರಿ 12ರಂದು ಪಾಳಯಂಕೋಟೆಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿದರು. ಹಣ ಭಾರತದ್ದು, ಆಳು ಭಾರತದವರು, ಆಡಳಿತವೂ ಭಾರತದವರದ್ದೇ ಎಂಬುದು ಅದರ ಕಟ್ಟು. ಅಜರಯ್ಯ ಅದಕ್ಕೆ ಮೂಲ ಕಾರಣರು. ಹಿಂದಿನ ವರ್ಷ ಶ್ರೀಲಂಕೆಯ ಯಾಳ್ಪಾಣಕ್ಕೆ (ಜಾಫ್ನಾ) ಹೋದಾಗ ಅಲ್ಲಿನ ತಮಿಳು ವಿದ್ಯಾರ್ಥಿಗಳು ತಾವೇ ಕಾಸು ಕೂಡಿಸಿ ಹೊರನಾಡಿಗೆ ಮಿಷನರಿ ಕಳಿಸುತ್ತಿದ್ದದ್ದನ್ನು ಕಂಡು ಬಂದಿದ್ದರು. ಆ ಸೊಸೈಟಿ ಆರಿಸಿಕೊಂಡ ಕ್ಷೇತ್ರವೇ ಡೋರ್ನಕಲ್, ಮಾನುಕೋಟ (ಈಗಿನ ಮಹಬೂಬಾಬಾದ್) ಕಡೆಯದ್ದು. ತಿರುನೆಲ್ವೇಲಿಯವರಿಗೆ ಅದು ಪರಭಾಷೆಯ ಸೀಮೆ, ಭಾಷೆ ಕಲಿತೇ ಕೆಲಸ ಮಾಡಬೇಕಿತ್ತು.

1895ರಿಂದ 1909ರವರೆಗೆ ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿದ್ದ ಅಜರಯ್ಯ 1909ರಲ್ಲಿ ಅದನ್ನು ಬಿಟ್ಟು, ಪಾದ್ರಿದೀಕ್ಷೆ ಪಡೆದು, ತಾವೇ ಹುಟ್ಟುಹಾಕಿದ ಸೊಸೈಟಿಯ ಮಿಷನರಿಯಾಗಿ ಡೋರ್ನಕಲ್‌ಗೆ ಬಂದರು. ನಡುವೆ 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿತು. ಈ ಎರಡು ಸೊಸೈಟಿಗಳನ್ನು ಬೆರೆಸಬೇಡಿ. ಮೊದಲನೆಯದು ತಿರುನೆಲ್ವೇಲಿ ಆಂಗ್ಲಿಕನ್ನರದ್ದು, ಎರಡನೆಯದು ಇಡೀ ದೇಶದ್ದು, ಹಲವು ಸಭೆಗಳು ಸೇರಿದ್ದು. ಡೋರ್ನಕಲ್‌ಗೆ ಸಂಬಂಧಿಸಿದ್ದು ಮೊದಲನೆಯದು.

ಕೊಡಿಯಾಲ:
ಒಂದು ಪ್ರಶ್ನೆ. ದೀಕ್ಷೆ 1909, ಬಿಷಪ್ 1912. ಮೂರೇ ವರ್ಷ! ಇದು ನಡೆಯುತ್ತದಾ?

ಗಂಟೆಗೋಪುರ:
ಕಾನೂನಿಗೆ ಅಡ್ಡಿಯಿಲ್ಲ. ಪ್ರಾರ್ಥನಾ ಪುಸ್ತಕ ಕೇಳುವುದು ವಯಸ್ಸನ್ನು: ಪಾದ್ರಿಗಿಂತ ಕೆಳಗಿನ ಮೆಟ್ಟಿಲಾದ ಡೀಕನ್‌ಗೆ 23, ಪಾದ್ರಿಗೆ 24, ಬಿಷಪ್ಪರಿಗೆ ಪೂರ್ತಿ 30. ಅಜರಯ್ಯನವರಿಗೆ ಆಗ 38. ಪಾದ್ರಿಯಾಗಿ ಎಷ್ಟು ವರ್ಷ ಕಳೆದಿರಬೇಕು ಎಂಬ ಲೆಕ್ಕ ಅದರಲ್ಲಿಲ್ಲ.

ವಿರೋಧ ಇದ್ದದ್ದು ಬೇರೆ ಕಡೆಯಿಂದ. ಇಂಗ್ಲಿಷ್ ಮಿಷನರಿಗಳಲ್ಲಿ ಹಲವರಿಗೆ ಭಾರತೀಯನ ಕೈಕೆಳಗೆ ಕೆಲಸ ಮಾಡುವುದು ಹಿಡಿಸಲಿಲ್ಲ. ಬಾಯಲ್ಲಿ ಹೇಳಿದ್ದು "ಇನ್ನೂ ಕಾಲ ಬಂದಿಲ್ಲ" ಎಂದು. ಭಾರತೀಯ ಕ್ರೈಸ್ತರಲ್ಲೂ ತಕರಾರಿತ್ತು, ಅಜರಯ್ಯ ನಾಡಾರ್ ಸಮುದಾಯದವರು, ಜಾತಿಯ ಲೆಕ್ಕ ಸಭೆಯೊಳಗೂ ಸತ್ತಿರಲಿಲ್ಲ. ಅದರ ಮೇಲೆ ಆಫ್ರಿಕದ ನೆರಳು ಬೇರೆ. ಸಾಮ್ಯುವೆಲ್ ಅಜಯಿ ಕ್ರೌಥರ್ 1864ರ ಜೂನ್ 29ರಂದು ಕ್ಯಾಂಟರ್ಬರಿಯಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದರು. ನೈಜರ್ ಸೀಮೆಯಲ್ಲಿ ಕಡೇ ವರ್ಷಗಳಲ್ಲಿ ಹರೆಯದ ಇಂಗ್ಲಿಷ್ ಮಿಷನರಿಗಳು ಬಂದು ಅವರ ಕೆಲಸಗಾರರಲ್ಲಿ ಹಲವರನ್ನು ಕಿತ್ತುಹಾಕಿದರು, 1891ರ ಡಿಸೆಂಬರ್ 31ರಂದು ಕ್ರೌಥರ್ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದದ್ದು ಇಂಗ್ಲಿಷಿನವನು. "ಆ ಪ್ರಯೋಗ ಸೋತಿತು" ಎಂಬ ಮಾತು ಇಪ್ಪತ್ತು ವರ್ಷ ಓಡಿತು. (ಜೂನ್ 29 ಪೇತ್ರನ ಹಬ್ಬ, ಮೇಲೆ ಹೇಳಿದ ವಾರದ ಲೆಕ್ಕಕ್ಕೆ ಸರಿ.)

ಇದಕ್ಕೆಲ್ಲ ವೈಟ್‌ಹೆಡ್ ಕಂಡುಕೊಂಡ ಉತ್ತರ ಬಲು ವ್ಯಾವಹಾರಿಕ. ಸೀಮೆ ಚಿಕ್ಕದಾಗಿರಲಿ, ಭಾರತೀಯ ಸೊಸೈಟಿಯೇ ಕೆಲಸ ಮಾಡುತ್ತಿರುವ ಜಾಗವಾಗಿರಲಿ, ಆರಂಭಕ್ಕೆ ಯಾವ ಇಂಗ್ಲಿಷ್ ಮಿಷನರಿಯೂ ಅವರ ಕೈಕೆಳಗೆ ಬಾರದಿರಲಿ. ಜಗಳ ಹುಟ್ಟುವ ಜಾಗವನ್ನೇ ಗಡಿಯಿಂದ ಹೊರಗಿಟ್ಟರು. 1920ರ ದಶಕದ ಆರಂಭದಲ್ಲಿ ಕೃಷ್ಣಾ ಕಡೆಯ ದೊಡ್ಡ ತೆಲುಗು ಮಿಷನ್ನುಗಳೂ ಸಭಾಪ್ರಾಂತಕ್ಕೆ ಸೇರಿದವು. ಆಗ ಇಂಗ್ಲಿಷ್ ಪಾದ್ರಿಗಳು ಅಜರಯ್ಯನವರ ಕೆಳಗೆ ಬಂದರು.

ಹಳೇ_ದಫ್ತರ:
ಅದಕ್ಕೂ ಮೊದಲು ಎಡಿನ್‌ಬರೊ ಇದೆ, ಬಿಡಬೇಡಿ. 1910ರ ಜೂನ್, ವಿಶ್ವ ಮಿಷನರಿ ಸಮ್ಮೇಳನ. ಸುಮಾರು 1200 ಪ್ರತಿನಿಧಿಗಳು, ಅವರಲ್ಲಿ ಏಷ್ಯಾದವರು ಇಪ್ಪತ್ತರೊಳಗೆ. ಅಜರಯ್ಯ ಮಾತಾಡಿದ್ದು ಮಿಷನರಿಗೂ ಭಾರತೀಯ ಕೆಲಸಗಾರನಿಗೂ ನಡುವಿನ ದೂರದ ಬಗ್ಗೆ. ಮನೆಗೆ ಕರೆಯುವುದಿಲ್ಲ, ಜೊತೆಗೆ ಊಟವಿಲ್ಲ. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿರಿ, ಸುಡುವುದಕ್ಕೆ ಮೈಯನ್ನೂ ಒಪ್ಪಿಸಿದಿರಿ, ನಾವು ಕೇಳುವುದು ಪ್ರೀತಿಯನ್ನು, ನಮಗೆ ಸ್ನೇಹಿತರನ್ನು ಕೊಡಿ ಎಂಬಲ್ಲಿಗೆ ಮುಗಿಸಿದರು. ಸಭಿಕರಲ್ಲಿ ಹಲವರಿಗೆ ಕಸಿವಿಸಿಯಾಯಿತು. ಎಲ್ಲರೂ ಕೊನೇ ವಾಕ್ಯವನ್ನಷ್ಟೇ ಎತ್ತಿ ಬರೆಯುತ್ತಾರೆ, ಅದಕ್ಕೆ ಮುಂಚಿನ ಮಾತು ಬೈಬಲ್ಲಿನ 1 ಕೊರಿಂಥ 13ರದ್ದು, ಪ್ರೀತಿಯಿಲ್ಲದಿದ್ದರೆ ಇವೆಲ್ಲ ವ್ಯರ್ಥ ಎನ್ನುವ ಅಧ್ಯಾಯದ್ದು ಎಂದು ಹೇಳುವುದೇ ಇಲ್ಲ. ಆ ಅಧ್ಯಾಯ ಬಾಯಿಪಾಠವಿದ್ದ ಸಭೆಗೆ ಏಟು ಎಲ್ಲಿ ಬಿತ್ತೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಮಸಿಕುಡಿಕೆ:
ಇಷ್ಟೂ ಸೇರಿಸಿಕೊಂಡೆ. ಈಗ ದೊಡ್ಡ ಖಾಲಿ ಜಾಗ: 1912ರಿಂದ 1945. ಕರಡಿನಲ್ಲಿ "ಹಳ್ಳಿಗಳಲ್ಲಿ ಅಪಾರ ಸೇವೆ ಸಲ್ಲಿಸಿದರು" ಎಂದಷ್ಟೇ ಇದೆ. ಬಿಷಪ್ ದಿನವೂ ಏನು ಮಾಡುತ್ತಾರೆ?

ಧಾರವಾಡ_ಪೇಢೆ:
"ಅಪಾರ ಸೇವೆ" ಅನ್ನೂದನ್ನ ಮೊದಲ ತೆಗೀರಿ. ಅದು ಏನೂ ಹೇಳೂದಿಲ್ಲ.

ಲೆಕ್ಕ ತಗೋರಿ. 1924ರಾಗ ಡೋರ್ನಕಲ್ ಸಭಾಪ್ರಾಂತದಾಗ ಇಂಗ್ಲಿಷ್ ಪಾದ್ರಿಗಳು 8, ಭಾರತೀಯ ಪಾದ್ರಿಗಳು 53. 1935ಕ್ಕ ಭಾರತೀಯರು 250, ಹಳ್ಳಿ ಉಪದೇಶಿಗಳು 2000ಕ್ಕೂ ಮ್ಯಾಲ. ಅಂದ್ರ ಒಬ್ಬ ಪಾದ್ರಿಗೆ ಎಂಟು ಉಪದೇಶಿಗಳು. ಈ ಎಂಟು ಅನ್ನೂ ಅಂಕಿ ಹಿಡಕೊಂಡ್ರ ಇಡೀ ಯಂತ್ರ ತಿಳೀತದ.

ಹಳ್ಳಿಯ ಒಂದು ಕೇರಿಯವರು, ಹೆಚ್ಚಾಗಿ ತೆಲುಗು ಸೀಮಿಯ ದಲಿತರಾದ ಮಾಲರು ಇಲ್ಲಾ ಮಾದಿಗರು, ಒಟ್ಟಾಗಿ ಬಂದು "ನಮಗ ಉಪದೇಶಿ ಕಳಸ್ರಿ" ಅಂತ ಕೇಳ್ತಾರ. ಒಬ್ಬೊಬ್ಬರಾಗಿ ಅಲ್ಲ, ಕೇರಿಗೆ ಕೇರಿ. ಉಪದೇಶಿ ಹೆಂಡತಿ ಸಮೇತ ಆ ಕೇರಿಯೊಳಗ ಹೋಗಿ ಇರಬೇಕು. ಹಗಲು ಹುಡುಗರಿಗೆ ಸಾಲಿ, ರಾತ್ರಿ ಹೊಲದಿಂದ ಬಂದ ಮ್ಯಾಲ ದೊಡ್ಡವರಿಗೆ ಪಾಠ. ಓದಾಕ ಬರೂದಿಲ್ಲ, ಎಲ್ಲಾ ಬಾಯಿಲೇ: ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ಯೇಸುವಿನ ಕತಿಗೋಳು, ತೆಲುಗು ಕೀರ್ತನ. ತಿಂಗಳುಗಟ್ಟಲೆ ಇದು ನಡದ ಮ್ಯಾಲ ಪಾದ್ರಿ ಬಂದು ಪರೀಕ್ಷಾ ಮಾಡಿ ದೀಕ್ಷಾಸ್ನಾನ. ಮತ್ತಷ್ಟು ಕಲಿತ ಮ್ಯಾಲ ದೃಢೀಕರಣ (ತಲಿ ಮ್ಯಾಲ ಕೈ ಇಟ್ಟು ಸಭೆಯ ಪೂರ್ಣ ಸದಸ್ಯರನ್ನಾಗಿ ಮಾಡೂದು), ಆಮ್ಯಾಲ ಪ್ರಭುಭೋಜನ.

ದೃಢೀಕರಣ ಆಂಗ್ಲಿಕನ್ ಸಭೆಯೊಳಗ ಬಿಷಪ್ ಒಬ್ಬರೇ ಮಾಡಬೇಕು. ಮದ್ರಾಸಿನ ಬಿಷಪ್ಪರಿಗೆ ಕಾಯಬೇಕಂದ್ರ ಜನ ವರ್ಷಗಟ್ಟಲೆ ಪ್ರಭುಭೋಜನ ಇಲ್ಲದ ಕೂಡಬೇಕು. ಡೋರ್ನಕಲ್ಲಿಗೇ ಒಬ್ಬ ಬಿಷಪ್ ಯಾಕ ಬೇಕಾಗಿತ್ತು ಅನ್ನೂದಕ್ಕ ಇದು ನಿಜವಾದ ಕಾರಣರೀ. ಮರ್ಯಾದಿ ಗಿರ್ಯಾದಿ ಆಮ್ಯಾಲಿನ ಮಾತು.

ಕೆಡೂದು ಎಲ್ಲಿ? ಉಪದೇಶಿ ಸಿಗದಿದ್ದಲ್ಲಿ. ಕೇರಿಯವರು ಕೇಳಿ ವರ್ಷ ಕಾದು ಬ್ಯಾಸತ್ತು ಬಿಡ್ತಾರ. ಇಲ್ಲಾ, ಪಾಠ ಪೂರಾ ಆಗೂದರೊಳಗ ದೀಕ್ಷಾಸ್ನಾನ ಕೊಟ್ಟು ಉಪದೇಶಿಯನ್ನ ಬ್ಯಾರೆ ಊರಿಗೆ ಕಳಿಸಿದ್ರ, ಮುಂದಿನ ಜಾತ್ರಿಗೆ ಎಲ್ಲಾ ಮೊದಲಿನಂಗ. ಜಮೀನ್ದಾರ ಕೂಲಿ ನಿಲ್ಲಿಸಿದ್ರೂ ಅಷ್ಟ. ಮಾಲರು ಬಂದ ಸಭೆಗೆ ಮಾದಿಗರು ಬರೂದಿಲ್ಲ, ಮಾದಿಗರು ಬಂದಲ್ಲಿ ಮಾಲರು ಬರೂದಿಲ್ಲ, ಇದೂ ಒಂದು ದೊಡ್ಡ ತೊಡಕು. ಅಜರಯ್ಯ ಈ ವಿಷಯದಾಗ ಬಿಗಿ. ಒಂದ ಬಟ್ಟಲದಾಗ ಕುಡೀಬೇಕು, ಒಂದ ಚಾಪಿ ಮ್ಯಾಲ ಕೂಡಬೇಕು.

ಕಾಜಿಪೇಟೆ_ಪ್ಯಾಸೆಂಜರ್:
ಉಪದೇಶಿಗಳ ತರಬೇತಿಯಲ್ಲೂ ಗಂಡಹೆಂಡಿರಿಬ್ಬರಿಗೂ ಪಾಠ ಇತ್ತು. ಹೆಂಡತಿ ಕಲಿಯದಿದ್ದರೆ ಕೇರಿಯ ಹೆಂಗಸರ ಕಡೆ ಬಾಗಿಲೇ ತೆರೆಯುವುದಿಲ್ಲ ಎಂಬ ಲೆಕ್ಕ. ಇದರ ಹಿಂದೆ ಅವರ ಪತ್ನಿ ಅನ್ಬು ಮರಿಯಮ್ಮಾಳ್ ಇದ್ದರು. 1898ರಲ್ಲಿ ಮದುವೆ. ದಕ್ಷಿಣ ಭಾರತದ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಮೊದಲಿನವರಲ್ಲಿ ಒಬ್ಬರು. ಅವರಿಗೆ ಲೇಖನದಲ್ಲಿ ಒಂದು ಪ್ಯಾರಾನಾದರೂ ಕೊಡಿ, "ಪತ್ನಿ" ಎಂಬ ಚೌಕದೊಳಗೆ ಹೆಸರು ಹಾಕಿ ಮುಗಿಸಬೇಡಿ.

ಇನ್ನೊಂದು ಚಿಕ್ಕದು. ದೀಕ್ಷಾಸ್ನಾನ ಆದವರಿಂದ ಅಜರಯ್ಯ ಒಂದು ಕೆಲಸ ಮಾಡಿಸುತ್ತಿದ್ದರು. ತಮ್ಮ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ನಾನು ದೀಕ್ಷಾಸ್ನಾನವಾದ ಕ್ರೈಸ್ತ, ಸುವಾರ್ತೆ ಸಾರದಿದ್ದರೆ ನನ್ನ ಗತಿಯೇನು ಎಂದು ಹೇಳಿಸುವುದು. ಪೌಲನ ಮಾತೇ, 1 ಕೊರಿಂಥ 9:16. ನೀರು ಬಿದ್ದ ಅದೇ ತಲೆ, ಇನ್ನೂ ಒದ್ದೆಯಾಗಿರುವಾಗಲೇ. ಅಕ್ಷರ ಬಾರದವರಿಗೆ ಇದಕ್ಕಿಂತ ನೆನಪಿನಲ್ಲಿ ಉಳಿಯುವ ಪಾಠ ಕಷ್ಟ.

ಮಸಿಕುಡಿಕೆ:
2000 ಉಪದೇಶಿಗಳಿಗೆ ಸಂಬಳ ಎಲ್ಲಿಂದ?

ಧಾರವಾಡ_ಪೇಢೆ:
ಒಂದಿಷ್ಟು ಹೊರಗಿನ ಮಿಷನ್ ಸೊಸೈಟಿಗಳಿಂದ, ಅದನ್ನ ಮುಚ್ಚಿಡಬಾರದು. ಆದ್ರ ಅಜರಯ್ಯ ಬೆನ್ನ ಹತ್ತಿದ್ದು ಹಳ್ಳಿ ಕಾಣಿಕೆಗೆ. ಕಾಣಿಕೆ ಕೊಡೂದರ ಬಗ್ಗೆನೇ ಒಂದು ಕೈಪಿಡಿ ಬರದಾರ.

ಕೇರಿಯವರ ಕೈಯಾಗ ರೊಕ್ಕ ಎಲ್ಲೀದು? ಕೂಲಿನೂ ಕಾಳಿನಾಗ. ಅದಕ್ಕ ಹಿಡಿ ಕಾಳಿನ ಪದ್ಧತಿ. ಮನಿಯಾಕಿ ಒಲಿ ಹಚ್ಚಿ ಎಸರಿಗೆ ಕಾಳು ಹಾಕೂ ಮುಂಚೆ ಒಂದು ಹಿಡಿ ತಗದು ಬ್ಯಾರೆ ಗಡಗಿಗೆ ಹಾಕಬೇಕು. ವಾರದ ಕೊನೀಗೆ ಗಡಗಿ ಗುಡಿಗೆ (ಚರ್ಚಿಗೆ). ತಮಿಳರು ಇದಕ್ಕ "ಪಿಡಿ ಅರಿಸಿ" ಅಂತಾರ. ಇದರ ಜಾಣತನ ಏನಂದ್ರ, ಅಡಗಿ ಆದ ಮ್ಯಾಲ ಉಳದದ್ದು ಕೊಡು ಅಂದ್ರ ಬಡವರ ಮನ್ಯಾಗ ಏನೂ ಉಳಿಯೂದಿಲ್ಲ. ಅಡಗೀಗೆ ಮುಂಚೆ ತಗದ್ರ ಒಂದು ಹಿಡಿ ಕಮ್ಮಿ ಆದದ್ದು ಹೊಟ್ಟಿಗೆ ಅಷ್ಟಾಗಿ ತಿಳಿಯೂದಿಲ್ಲ.

ಸುಗ್ಗಿಗೆ ಬ್ಯಾರೆ ಕಾಣಿಕೆ: ಜೋಳ, ಭತ್ತ, ಕೋಳಿ, ತತ್ತಿ, ಕುಂಬಳಕಾಯಿ. ಮೆರವಣಿಗಿ ಮಾಡಕೋತ, ಬಾಜಾ ಬಾರಿಸಕೋತ ಗುಡಿಗೆ ತರ್ತಾರ, ಆರಾಧನೆ ಮುಗದ ಮ್ಯಾಲ ಹರಾಜು. ನಮ್ಮ ಕಡೆ ಸಿ.ಎಸ್.ಐ. ಗುಡಿಗಳೊಳಗ ಸುಗ್ಗಿ ಹಬ್ಬದ ಹರಾಜು ಇವತ್ತಿಗೂ ಐತೆಲ್ಲ, ಅದ. ಹರಾಜು ಅವತ್ತೇ ಆಗಬೇಕು. ಕಾಳು ಕೂಡಿಟ್ರ ಇಲಿ, ನುಸಿ. ತತ್ತಿ, ಕಾಯಿಪಲ್ಲೆ ಕೆಡ್ತಾವ. ಊರಾಗ ಎಲ್ಲಾರ ಮನ್ಯಾಗೂ ಸುಗ್ಗಿ ಇರೂದ್ರಿಂದ ಧಾರಣಿ ಬಿದ್ದಿರ್ತದ, ಇದೊಂದು ನಷ್ಟ ತಪ್ಪಿದ್ದಲ್ಲ.

ಕುಡಿತ, ಸಾಲ, ರೋಗ, ಹೊಲಸು, ಈ ನಾಲ್ಕು ಹಳ್ಳಿಯ ದೆವ್ವ ಅಂತಿದ್ರು. ಕಾಣಿಕೆಯ ಮಾತು ಇದರ ಜೋಡಿನೇ ಓದಬೇಕು. ಸಭಾಪ್ರಾಂತದಾಗ ದವಾಖಾನಿ ಇತ್ತು, ಸಹಕಾರಿ ಸಂಘ ಇತ್ತು, ಮುದ್ರಣಾಲಯ ಇತ್ತು. ಕುಡಿಯೂದು ಬಿಟ್ಟವನ ಕೈಯಾಗ ಸಾಲ ತೀರಸಾಕ ರೊಕ್ಕ ಉಳೀತದ, ಸಾಲ ತೀರಿದವ ಮಗನ್ನ ಜೀತಕ್ಕ ಬಿಡೂದಿಲ್ಲ, ಸಾಲಿಗೆ ಕಳಿಸ್ತಾನ. ಸರಪಳಿ ಹಂಗ.

ಕೊಡಿಯಾಲ:
ಗಾಂಧಿಯವರ ಜೊತೆ ಜಗಳ ಆಗಿತ್ತಲ್ಲ, ಅದು ಬೇಡವಾ? ಅದನ್ನು ಬಿಟ್ಟರೆ ಹೊಗಳಿಕೆ ಲೇಖನ ಅಂತಾರೆ.

ಹಳೇ_ದಫ್ತರ:
ಬೇಕು, ಆದರೆ ಹದವಾಗಿ. ಅಂಬೇಡ್ಕರ್ 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಹಿಂದುವಾಗಿ ಸಾಯುವುದಿಲ್ಲ ಎಂದರು. ದಲಿತರು ಯಾವ ಕಡೆ ಎಂಬ ಪ್ರಶ್ನೆ ದೇಶವಿಡೀ ಎದ್ದಿತು. ಕೇರಿಗೆ ಕೇರಿ ಮತಾಂತರವಾಗುತ್ತಿದ್ದ ಡೋರ್ನಕಲ್ ಗಾಂಧಿಯವರ ಕಣ್ಣಿಗೆ ಬಿದ್ದದ್ದು ಆಗಲೇ. ಕೇರಿಯವರಿಗೆ ಒಂದು ಧರ್ಮ ಬಿಟ್ಟು ಇನ್ನೊಂದನ್ನು ತೂಗಿನೋಡಿ ಆರಿಸುವ ತಿಳಿವಳಿಕೆ ಎಲ್ಲಿಂದ ಎಂಬುದು ಗಾಂಧಿಯವರ ವಾದದ ತಿರುಳು. ಬಡವನಿಗೂ ಆತ್ಮವಿದೆ, ಅವನ ಹಸಿವು ಬರೀ ಹೊಟ್ಟೆಯದ್ದಲ್ಲ ಎಂಬುದು ಅಜರಯ್ಯನವರ ನಿಲುವು.

ಆದರೆ ಇದರಿಂದ ಅವರನ್ನು ಬ್ರಿಟಿಷರ ಕಡೆಯವರು ಎಂದು ಬರೆಯುವುದು ಸುಲಭದ ತಪ್ಪು. ಚುನಾವಣೆಯಲ್ಲಿ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದು 1932ರ ಕೋಮುವಾರು ತೀರ್ಪಿನ ಹೊತ್ತಿಗೆ ಗಟ್ಟಿಯಾಗಿ ಹೇಳಿದ ಕ್ರೈಸ್ತ ನಾಯಕರಲ್ಲಿ ಅವರೂ ಒಬ್ಬರು. ಮತಕ್ಷೇತ್ರ ಬೇರೆಯಾದರೆ ಸಭೆ ಒಂದು ಜಾತಿಯಂತಾಗುತ್ತದೆ, ಹೊರಗಿನವರು ಒಳಬರುವುದನ್ನು ಎಲ್ಲರೂ ವೋಟಿನ ಲೆಕ್ಕದಲ್ಲಿ ನೋಡುತ್ತಾರೆ ಎಂಬುದು ಕಾರಣ. ಎರಡೂ ಬದಿ ನೋಡಿದರೆ ಮನುಷ್ಯ ಯಾವ ಪಂಗಡದ ಚೌಕದೊಳಗೂ ಸರಿಯಾಗಿ ಕೂರುವುದಿಲ್ಲ.

ಮಸಿಕುಡಿಕೆ:
ಸರಿ. ಕೊನೆಯ ಭಾಗ ಸಭೆಗಳ ಐಕ್ಯ. "ಬೀಜ ಹಾಕಿದವರು" ಎಂದಿರಲ್ಲ, ಏನು ಆಧಾರ?

ಗಂಟೆಗೋಪುರ:
1919ರ ಮೇ 1 ಮತ್ತು 2, ತರಂಗಂಬಾಡಿ. 1706ರಲ್ಲಿ ಸೀಗೆನ್‌ಬಾಲ್ಗ್ ಬಂದಿಳಿದ ಡೇನರ ರೇವುಪಟ್ಟಣ. ಅಲ್ಲಿ 33 ಜನ ಸೇರಿದರು, ಇಬ್ಬರ ಹೊರತು ಎಲ್ಲರೂ ಭಾರತೀಯರು. ನಮ್ಮ ಒಡಕುಗಳು ನಾವು ಮಾಡಿಕೊಂಡವಲ್ಲ, ಹೊರಗಿನಿಂದ ಬಂದು ನಮ್ಮ ಮೇಲೆ ಕೂತವು ಎಂಬ ಅರ್ಥದ ಹೇಳಿಕೆ ಹೊರಟಿತು. ಅದರ ಮುಂದಾಳು ಅಜರಯ್ಯ. 1920ರಲ್ಲಿ ಮಾತುಕತೆಯ ಸಮಿತಿ, 1929ರಲ್ಲಿ ಮೊದಲ ಕರಡು ಯೋಜನೆ.

ಇಪ್ಪತ್ತೇಳು ವರ್ಷ ಎಳೆದದ್ದು ಯಾಕೆಂದರೆ ಗಂಟು ಒಂದೇ: ಬಿಷಪ್. ಆಂಗ್ಲಿಕನ್ನರಿಗೆ ಬಿಷಪ್ ಕೈಯಿಟ್ಟು ದೀಕ್ಷೆ ಕೊಟ್ಟವನೇ ಪಾದ್ರಿ. ಮೆಥಡಿಸ್ಟರು, ಕಾಂಗ್ರಿಗೇಷನಲಿಸ್ಟರು, ಪ್ರೆಸ್ಬಿಟೇರಿಯನ್ನರ ಪಾದ್ರಿಗಳಿಗೆ ಹಾಗೆ ದೀಕ್ಷೆಯಾಗಿರಲಿಲ್ಲ. ಮತ್ತೆ ದೀಕ್ಷೆ ಕೊಡೋಣವೆಂದರೆ, ಇಷ್ಟು ವರ್ಷ ನಾವು ಕೊಟ್ಟ ಪ್ರಭುಭೋಜನ ಸುಳ್ಳೇ ಎಂದು ಅವರು ಕೇಳುತ್ತಾರೆ. ಕೊಡದಿದ್ದರೆ ಆಂಗ್ಲಿಕನ್ನರಲ್ಲಿ ಒಂದು ಪಕ್ಷ ಎದ್ದು ಹೋಗುತ್ತದೆ. ಕೊನೆಗಾದದ್ದು ಹೀಗೆ: ಐಕ್ಯದ ದಿನ ಇರುವ ಪಾದ್ರಿಗಳೆಲ್ಲ ಇದ್ದಹಾಗೇ ಸರಿ, ಅಂದಿನಿಂದ ಮುಂದೆ ಎಲ್ಲ ದೀಕ್ಷೆಯೂ ಬಿಷಪ್ಪರಿಂದ, ಈ ನಡುಗಾಲಕ್ಕೆ 30 ವರ್ಷ. ತನಗೆ ಒಗ್ಗದ ಪಾದ್ರಿಯನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂಬ ಮಾತೂ ಸೇರಿತು.

ಆಂಗ್ಲಿಕನ್ನರಿಗೆ ಈ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಬಂದದ್ದೇ ತಡವಾಗಿ. 1930ರ ಮಾರ್ಚ್ 1ರವರೆಗೆ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡ್ ಸಭೆಯ ಒಂದು ಅಂಗ. 1927ರ ಕಾಯ್ದೆ ಜಾರಿಗೆ ಬಂದ ಆ ದಿನದಿಂದ ಅದು ಭಾರತ, ಬರ್ಮಾ ಮತ್ತು ಸಿಲೋನ್ ಸಭೆ ಎಂಬ ಸ್ವತಂತ್ರ ಸಂಸ್ಥೆ. ಅದರ ಮಹಾಸಭೆ ಐಕ್ಯಕ್ಕೆ ಒಪ್ಪಿಗೆ ಕೊಟ್ಟದ್ದು 1945ರ ಆರಂಭದಲ್ಲಿ. ಅಜರಯ್ಯ ಅದೇ ಜನವರಿ 1ರಂದು ಡೋರ್ನಕಲ್‌ನಲ್ಲಿ ತೀರಿಕೊಂಡಿದ್ದರು.

ಕರ್ನಾಟಕದ ಕೊಂಡಿಯೂ ಇಲ್ಲಿದೆ. ಮದ್ರಾಸ್ ಸಭಾಪ್ರಾಂತಕ್ಕೆ ಸೇರಿದ್ದ ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂಥ ಆಂಗ್ಲಿಕನ್ ಗುಡಿಗಳು ಹೊಸ ಸಭೆಗೆ ಬಂದದ್ದು 1947ರ ಈ ಐಕ್ಯದಿಂದ. ಆಗಿನ ಮೈಸೂರು ಸಭಾಪ್ರಾಂತ 1970ರಲ್ಲಿ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು.

ಕಾಜಿಪೇಟೆ_ಪ್ಯಾಸೆಂಜರ್:
ಆ "ಒಂದು ಪಕ್ಷ ಎದ್ದು ಹೋಗುತ್ತದೆ" ಎಂಬುದು ನಡೆದೇ ಹೋಯಿತು, ಅದೂ ಅಜರಯ್ಯನವರ ಸ್ವಂತ ಸಭಾಪ್ರಾಂತದಲ್ಲಿ. ಆಂಧ್ರದ ರಾಯಲಸೀಮೆಯ ನಂದ್ಯಾಲ ಕಡೆಯ ಆಂಗ್ಲಿಕನ್ನರಲ್ಲಿ ಸಾವಿರಾರು ಜನ 1947ರಲ್ಲಿ ಹೊಸ ಸಭೆಗೆ ಬರಲಿಲ್ಲ, ಹಳೆಯದರಲ್ಲೇ ಉಳಿದರು. ಸೇರಿದ್ದು 1975ರಲ್ಲಿ. "ಎಲ್ಲರೂ ಒಂದಾದರು" ಎಂದು ಬರೆಯುವ ಮುನ್ನ ನಂದ್ಯಾಲ ನೆನಪಿರಲಿ.

ಮಸಿಕುಡಿಕೆ:
ತಿದ್ದಿದ ಮೊದಲ ಪ್ಯಾರಾ: "ವಿ. ಎಸ್. ಅಜರಯ್ಯ (17 ಆಗಸ್ಟ್ 1874 – 1 ಜನವರಿ 1945) ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಹೈದರಾಬಾದ್ ಸಂಸ್ಥಾನದ ಡೋರ್ನಕಲ್ ಸಭಾಪ್ರಾಂತಕ್ಕೆ 1912ರ ಡಿಸೆಂಬರ್ 29ರಂದು ಕಲ್ಕತ್ತದಲ್ಲಿ ಅವರಿಗೆ ಬಿಷಪ್ ಪಟ್ಟ ಕೊಡಲಾಯಿತು. ಕೊನೆಯವರೆಗೂ ಆಂಗ್ಲಿಕನ್ ಸಭಾಪ್ರಾಂತವೊಂದರ ಮುಖ್ಯಸ್ಥರಾಗಿದ್ದ ಏಕೈಕ ಭಾರತೀಯ ಅವರು."

ಕೊನೇ ವಾಕ್ಯ ಸರಿಯೇ? ಹೆಸರು ಅಜರಯ್ಯ ಎಂದೋ ಅಜರ್ಯ ಎಂದೋ? ಇನ್ನೊಂದು, ಡೋರ್ನಕಲ್ ಕ್ಯಾಥೆಡ್ರಲ್ (ಬಿಷಪ್ಪರ ಪೀಠವಿರುವ ಚರ್ಚು) ಚಿತ್ರ ಸಿಕ್ಕಿದೆ, ಮಿನಾರುಗಳಿವೆ. ಬೇರೆ ಕಟ್ಟಡದ ಚಿತ್ರ ಸೇರಿಕೊಂಡಿದೆಯೇ?

ಹಳೇ_ದಫ್ತರ:
ಕೊನೇ ವಾಕ್ಯ ಸರಿ. "ಏಕೈಕ ಭಾರತೀಯ ಬಿಷಪ್" ಎಂದು ಮಾತ್ರ ಮಾಡಬೇಡಿ, 1930ರ ದಶಕದಲ್ಲಿ ಬೇರೆ ಭಾರತೀಯರು ಸಹಾಯಕ ಬಿಷಪ್ಪರಾಗಿದ್ದರು.

ಕನ್ನಡ ಬೈಬಲ್ಲಿನಲ್ಲಿ ಅಜರ್ಯ, ತೆಲುಗರ ಬಾಯಲ್ಲಿ ಅಜರಯ್ಯ. ಅವರು ಬದುಕಿದ್ದು ತೆಲುಗರ ನಡುವೆ, ಅಜರಯ್ಯ ಇರಲಿ, ಅಜರ್ಯ ಎಂದು ಹುಡುಕಿದರೂ ಸಿಗುವಂತೆ ಇನ್ನೊಂದು ಪುಟ ಮಾಡಿ. ವೇದನಾಯಗಂ ಎಂಬುದು ತಂದೆಯ ಹೆಸರು, "ವೇದನಾಯಗಂ ಅವರು ಹೇಳಿದರು" ಎಂದು ಎಲ್ಲೂ ಬರೆಯಬೇಡಿ.

ಕಾಜಿಪೇಟೆ_ಪ್ಯಾಸೆಂಜರ್:
ಚಿತ್ರ ಸರಿಯಾದದ್ದೇ. ಎಪಿಫನಿ ಕ್ಯಾಥೆಡ್ರಲ್, 1939ರ ಜನವರಿ 6, ಎಪಿಫನಿ ಹಬ್ಬದ ದಿನವೇ ಪ್ರತಿಷ್ಠೆ. ಮಿನಾರು, ಗುಮ್ಮಟ ನಿಜಾಮರ ಸೀಮೆಯ ಮಸೀದಿಗಳ ಬಗೆಯವು, ಕೆತ್ತಿದ ಕಂಬಗಳು ದಕ್ಷಿಣದ ದೇವಸ್ಥಾನದ ಬಗೆಯವು, ಕೆತ್ತನೆಯಲ್ಲಿ ಕಮಲವೂ ಶಿಲುಬೆಯೂ ಇವೆ. ಚಿತ್ರದ ಕೆಳಗೆ "ಡೋರ್ನಕಲ್ ಮಸೀದಿ" ಎಂದು ಹಾಕಿದ ತಾಣಗಳಿವೆ, ಅಲ್ಲಿಂದ ಎತ್ತಿದ್ದಾದರೆ ಅಡಿಬರಹ ಬದಲಿಸಿ. ತಲೆಯೆತ್ತಿ ನೋಡಿದರೆ ಮೇಲೆ ಶಿಲುಬೆ ಕಾಣುತ್ತದೆ.